ವಿದ್ಯಾರ್ಥಿಯ ಎದುರು ಕುಳಿತಾಗ ಹಳೆಯ ವಿದ್ಯಾರ್ಥಿ ಮಾಡಬೇಕಾದದ್ದು

ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯಕಾರಿ ಸಮಿತಿಗೆ ನಾನು ಆಯ್ಕೆಯಾದ ಮೊದಲ ವರ್ಷವೇ, ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ವೃತ್ತಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿಕೊಂಡರು. ನಾಲ್ಕು ಮಾತು ಎಂದದ್ದು ನಲವತ್ತು ನಿಮಿಷವಾಯಿತು. ಮುಗಿಸಿ ವೇದಿಕೆಯಿಂದ ಇಳಿಯುವಾಗ ಮುಂದಿನ ಸಾಲಿನ ಹುಡುಗನೊಬ್ಬನ ನೋಟ್‌ಬುಕ್ಕು ತೆರೆದೇ ಇದ್ದುದರಿಂದ ಕಣ್ಣು ಅದರ ಮೇಲೆ ಬಿತ್ತು. ಹಾಳೆಯ ತಲೆಯಲ್ಲಿ ದಿನಾಂಕ, ಅದರ ಕೆಳಗೆ ನನ್ನ ಹೆಸರು ಮತ್ತು ಹುದ್ದೆ, ಅದರ ಕೆಳಗೆ ‘ನಿರಂತರ ಪರಿಶ್ರಮ’ ಎಂಬ ಎರಡು ಪದಗಳು. ಉಳಿದ ಹಾಳೆ ಖಾಲಿ. ಆತನನ್ನು ದೂರುವಂತಿರಲಿಲ್ಲ, ಏಕೆಂದರೆ ನಾನು ಹೇಳಿದ್ದರಲ್ಲಿ ಬರೆದುಕೊಳ್ಳುವಂಥದ್ದು ಅಷ್ಟೇ ಇತ್ತು.

ಅಲ್ಲಿಂದ ಮುಂದೆ ನಾನು ಭಾಷಣಗಳನ್ನು ಬಿಟ್ಟು, ಒಬ್ಬೊಬ್ಬ ವಿದ್ಯಾರ್ಥಿಯೊಂದಿಗೆ ಅರ್ಧ ಗಂಟೆ ಕುಳಿತು ಮಾತನಾಡುವ ಕ್ರಮಕ್ಕೆ ಬಂದೆ. ಅದರಲ್ಲೂ ಆರಂಭದಲ್ಲಿ ಮಾಡಿದ ತಪ್ಪುಗಳು ಕಡಿಮೆಯೇನಲ್ಲ. ಸಮಿತಿಗೆ ಹೊಸದಾಗಿ ಬಂದವರಿಗೆ, ಅಥವಾ ಸಮಿತಿಯಲ್ಲಿ ಇಲ್ಲದಿದ್ದರೂ ತಾವು ಓದಿದ ಸಂಸ್ಥೆಯ ವಿದ್ಯಾರ್ಥಿಗಳಿಗೆ ಸಲಹೆ ನೀಡಲು ಒಪ್ಪಿಕೊಂಡವರಿಗೆ ಉಪಯೋಗವಾಗಲೆಂದು ನಾನು ಈಗ ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಪಾಲಿನ ಕೆಲಸ ಯಾವುದು

ಮೊದಲು ಇತ್ಯರ್ಥವಾಗಬೇಕಾದದ್ದು ನೀವು ಯಾರ ಕೆಲಸವನ್ನು ಮಾಡುತ್ತಿದ್ದೀರಿ ಎಂಬುದು. ವೃತ್ತಿ ಮಾರ್ಗದರ್ಶನವನ್ನು ಒಂದು ಶಿಸ್ತಾಗಿ ರೂಪಿಸಿದವರಲ್ಲಿ ಮೊದಲಿಗರಾದ ಫ್ರಾಂಕ್ ಪಾರ್ಸನ್ಸ್ 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಒಂದು ವೃತ್ತಿ ಸಲಹಾ ಕೇಂದ್ರವನ್ನು ತೆರೆದಾಗ, ಸರಿಯಾದ ಆಯ್ಕೆಗೆ ಮೂರು ಸಂಗತಿಗಳು ಬೇಕೆಂದು ಹೇಳಿದ್ದರು: ತನ್ನ ಬಗ್ಗೆ ಸ್ಪಷ್ಟವಾದ ತಿಳಿವಳಿಕೆ, ಬೇರೆ ಬೇರೆ ಕೆಲಸಗಳು ಏನನ್ನು ಬೇಡುತ್ತವೆ ಎಂಬ ತಿಳಿವಳಿಕೆ, ಇವೆರಡನ್ನೂ ಜೋಡಿಸಿ ನೋಡುವ ವಿವೇಚನೆ. ಶತಮಾನ ಕಳೆದರೂ ಈ ಮೂರು ಭಾಗಗಳ ವಿಂಗಡಣೆ ಕೆಲಸಕ್ಕೆ ಬರುತ್ತದೆ. ಮೊದಲನೆಯದಕ್ಕೆ ವಿಶ್ವವಿದ್ಯಾಲಯದ ಮಾರ್ಗದರ್ಶನ ಕೇಂದ್ರವಿದೆ. ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ, ಮನುಷ್ಯರ ಒಲವುಗಳನ್ನೂ ಉದ್ಯೋಗಗಳನ್ನೂ ಆರು ಬಗೆಗಳಾಗಿ ನೋಡುವ ಸಿದ್ಧಾಂತದಂಥವುಗಳ ಮೇಲೆ ನಿಂತ ಪರೀಕ್ಷೆಗಳನ್ನು ನಡೆಸಲು ಅಲ್ಲಿ ತರಬೇತಾದ ಸಿಬ್ಬಂದಿ ಇರುತ್ತಾರೆ. ಮೂರನೆಯದು ವಿದ್ಯಾರ್ಥಿಯೇ ಮಾಡಬೇಕಾದ ಕೆಲಸ. ಹಳೆಯ ವಿದ್ಯಾರ್ಥಿಯ ಪಾಲಿಗೆ ಉಳಿಯುವುದು ಎರಡನೆಯದು, ಅಂದರೆ ಒಂದು ಕೆಲಸದ ಒಳಗಿನ ನೋಟ. ಅದನ್ನು ನಿಮ್ಮಷ್ಟು ಚೆನ್ನಾಗಿ ಇನ್ಯಾರೂ ಕೊಡಲಾರರು; ಅದನ್ನು ಬಿಟ್ಟು ಉಳಿದೆರಡಕ್ಕೆ ಕೈ ಹಾಕಿದರೆ ನೀವು ಅರೆಬೆಂದ ಮನಶ್ಶಾಸ್ತ್ರಜ್ಞರೋ ಎರಡನೆಯ ಅಪ್ಪ ಅಮ್ಮನೋ ಆಗುತ್ತೀರಿ.

ಹಳೆಯ ವಿದ್ಯಾರ್ಥಿಗಳ ಸಂಘಗಳ ಸಭೆಯ ಕಾರ್ಯಸೂಚಿಯಲ್ಲಿ ಕಟ್ಟಡ, ದೇಣಿಗೆ, ವಾರ್ಷಿಕೋತ್ಸವಗಳೆಲ್ಲ ಮುಗಿದ ಮೇಲೆ ‘ಇತರೆ ವಿಷಯಗಳು’ ಎಂಬಲ್ಲಿ ವಿದ್ಯಾರ್ಥಿಗಳ ಪ್ರಸ್ತಾಪ ಬರುವುದು ಸಾಮಾನ್ಯ. ಇದಕ್ಕೆ ಇತಿಹಾಸದ ಹಿನ್ನೆಲೆಯೂ ಇರಬಹುದೆಂದು ನನಗೆ ಅನ್ನಿಸುತ್ತದೆ. ಇಂಥ ಸಂಘಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾದ, ಅಮೆರಿಕದ ವಿಲಿಯಮ್ಸ್ ಕಾಲೇಜಿನ ಸಂಘ 1821ರಲ್ಲಿ ಹುಟ್ಟಿಕೊಂಡದ್ದೇ, ಕಾಲೇಜಿನ ಅಧ್ಯಕ್ಷರು ಕೆಲವು ವಿದ್ಯಾರ್ಥಿಗಳೊಂದಿಗೆ ಬೇರೆ ಕಾಲೇಜಿಗೆ ಹೊರಟುಹೋದಾಗ ಮುಳುಗುವಂತಿದ್ದ ಸಂಸ್ಥೆಯನ್ನು ಉಳಿಸಿಕೊಳ್ಳಲು. ಸಂಸ್ಥೆಯನ್ನು ಕಾಯುವುದು ಸಂಘಗಳ ರಕ್ತದಲ್ಲಿಯೇ ಇದೆ. ವಿದ್ಯಾರ್ಥಿಗಾಗಿ ಸಮಯ ತೆಗೆದಿಡುವುದನ್ನು ಮಾತ್ರ ಪ್ರತಿ ಸಮಿತಿಯೂ ಹೊಸದಾಗಿ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ಹೋಗುವ ಮೊದಲು ನಿಮ್ಮದೇ ಕಥೆಯನ್ನು ಸರಿಮಾಡಿಕೊಳ್ಳಿ

ಇಪ್ಪತ್ತು ವರ್ಷ ದುಡಿದ ಯಾರನ್ನೇ ಆಗಲಿ ‘ನೀವು ಇಲ್ಲಿಗೆ ಹೇಗೆ ಬಂದಿರಿ’ ಎಂದು ಕೇಳಿದರೆ, ಮೆಟ್ಟಿಲು ಕಟ್ಟಿದಂತೆ ಒಂದರ ಮೇಲೊಂದು ಏರಿ ಬಂದ ಕಥೆಯೇ ಬಾಯಿಗೆ ಬರುತ್ತದೆ. ಹೇಳಿ ಹೇಳಿ ಅದು ನುಣುಪಾಗಿರುತ್ತದೆ. ವಿದ್ಯಾರ್ಥಿಯನ್ನು ಭೇಟಿಯಾಗುವ ಮೊದಲು ಒಂದು ಸಂಜೆ ಕುಳಿತು, ಆ ಕಥೆಯಲ್ಲಿ ಬಿಟ್ಟುಹೋದವನ್ನು ಒಂದು ಹಾಳೆಯಲ್ಲಿ ಬರೆಯಿರಿ: ಉತ್ತರವೇ ಬಾರದ ಅರ್ಜಿಗಳು, ಕೈತಪ್ಪಿದ ಬಡ್ತಿ, ಕೆಲಸವಿಲ್ಲದೆ ಕಳೆದ ತಿಂಗಳುಗಳು, ಪರಿಚಿತರೊಬ್ಬರು ಸಕಾಲಕ್ಕೆ ಮಾಡಿದ ಒಂದು ಫೋನ್ ಕರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಜೊಹಾನಸ್ ಹೌಸ್‌ಹೋಫರ್ 2016ರಲ್ಲಿ ತಮ್ಮ ವೈಫಲ್ಯಗಳ ಪಟ್ಟಿಯನ್ನೇ ರೆಸ್ಯೂಮೆಯಂತೆ ಪ್ರಕಟಿಸಿದಾಗ ಅದು ಅವರ ಸಂಶೋಧನೆಗಳಿಗಿಂತ ಹೆಚ್ಚು ಓದುಗರನ್ನು ಸೆಳೆಯಿತು. ನೀವು ಪ್ರಕಟಿಸಬೇಕಾಗಿಲ್ಲ; ಆದರೆ ಆ ಹಾಳೆ ನಿಮ್ಮ ಜೇಬಿನಲ್ಲಿರಲಿ. ನನ್ನ ಹಾಳೆಯಲ್ಲಿ ಮೊದಲ ಸಾಲು, ಪದವಿ ಮುಗಿದ ಮೇಲೆ ಕೆಲಸ ಸಿಗದೆ ಕಳೆದ ಹನ್ನೊಂದು ತಿಂಗಳು. ಅದನ್ನು ಹೇಳಿದ ಮೇಲೆಯೇ ಎಷ್ಟೋ ವಿದ್ಯಾರ್ಥಿಗಳು ತಮ್ಮ ನಿಜವಾದ ಪ್ರಶ್ನೆಯನ್ನು ಕೇಳಿದ್ದಾರೆ.

ಇನ್ನೊಂದು ಎಚ್ಚರವೂ ಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಂಖ್ಯಾಶಾಸ್ತ್ರಜ್ಞ ಏಬ್ರಹಾಂ ವಾಲ್ಡ್ ಗುಂಡೇಟು ತಿಂದು ಹಿಂದಿರುಗಿದ ವಿಮಾನಗಳ ಲೆಕ್ಕವನ್ನು ಪರಿಶೀಲಿಸಿದಾಗ, ಹಿಂದಿರುಗದ ವಿಮಾನಗಳು ಆ ಲೆಕ್ಕದಲ್ಲಿ ಇಲ್ಲವೆಂಬುದನ್ನು ಮರೆಯದೆ ತಮ್ಮ ಗಣಿತವನ್ನು ಕಟ್ಟಿದರು. ಹಳೆಯ ವಿದ್ಯಾರ್ಥಿಗಳ ಸಂಘವೆಂದರೆ ಹಿಂದಿರುಗಿದ ವಿಮಾನಗಳ ಸಭೆ. ಜೀವನ ತಾನೆಣಿಸಿದಂತೆ ಸಾಗದವರು ವಾರ್ಷಿಕ ಸಮಾವೇಶಕ್ಕೆ ಬರುವುದಿಲ್ಲ, ಬಂದರೂ ಮೈಕಿನ ಮುಂದೆ ನಿಲ್ಲುವುದಿಲ್ಲ. ಆದ್ದರಿಂದ ‘ನಾನು ರಾಜೀನಾಮೆ ಕೊಟ್ಟು ಧೈರ್ಯವಾಗಿ ಹೊರಬಂದೆ, ನೀವೂ ಧೈರ್ಯ ಮಾಡಿ’ ಎನ್ನುವ ಮೊದಲು, ಅದೇ ಧೈರ್ಯ ಮಾಡಿ ಸೋತ ನಿಮ್ಮ ಬ್ಯಾಚಿನವರೊಬ್ಬರಿಗೆ ಫೋನ್ ಮಾಡಿ ಮಾತನಾಡಿ. ಅವರು ಹೇಳುವುದು ನಿಮ್ಮ ಸಲಹೆಯ ಅರ್ಧ ಭಾಗವಾಗಬೇಕು.

ನಿಮ್ಮ ತಿಳಿವಳಿಕೆಗೂ ಔಷಧಿಯ ಡಬ್ಬಿಯಂತೆ ಅವಧಿ ಮುಗಿಯುವ ದಿನಾಂಕವಿದೆ. ಕೆಲಸದ ಸ್ವರೂಪದ ಬಗ್ಗೆ ನಿಮಗೆ ಗೊತ್ತಿರುವುದು ಬಹುಕಾಲ ಬಾಳಬಹುದು, ಆದರೆ ಆ ಕೆಲಸಕ್ಕೆ ಸೇರಿಕೊಳ್ಳುವ ಬಗೆ ಬೇಗ ಹಳತಾಗುತ್ತದೆ. ನಾನು ಕೆಲಸ ಹುಡುಕುವಾಗ ಅರ್ಜಿಯನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದೆವು. ಈಗ ಬಹಳಷ್ಟು ಕಡೆ ಅರ್ಜಿ ಮನುಷ್ಯರ ಕಣ್ಣಿಗೆ ಬೀಳುವ ಮೊದಲು ಸಾಫ್ಟ್‌ವೇರ್ ಅದನ್ನು ವಿಂಗಡಿಸಿರುತ್ತದೆ, ಮೊದಲ ಸುತ್ತಿನ ಸಂದರ್ಶನದಲ್ಲಿ ಕ್ಯಾಮೆರಾದ ಎದುರು ಒಬ್ಬರೇ ಮಾತನಾಡಬೇಕಾಗಿ ಬರುವುದೂ ಉಂಟು. ಕಳೆದ ಎರಡು ವರ್ಷಗಳಲ್ಲಿ ನಿಮ್ಮ ಕಚೇರಿಗೆ ಸೇರಿದ ಅತ್ಯಂತ ಕಿರಿಯರನ್ನು ಕರೆದು, ಅರ್ಜಿ ಹಾಕಿದ ದಿನದಿಂದ ನೇಮಕಾತಿ ಪತ್ರ ಕೈಸೇರುವವರೆಗೆ ಏನೇನಾಯಿತೆಂದು ಕೇಳಿ ಬರೆದುಕೊಂಡರೆ ಈ ಕೊರತೆ ತುಂಬುತ್ತದೆ.

ಅರ್ಧ ಗಂಟೆ

ಭೇಟಿಗೆ ಮೂವತ್ತು ನಿಮಿಷ ಸಾಕು. ಅದರಲ್ಲಿ ಮೊದಲ ಹತ್ತು ನಿಮಿಷ ವಿದ್ಯಾರ್ಥಿಯದು. ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಸಮಿತಿಗಳಲ್ಲಿ ಕುಳಿತು ಅಭ್ಯಾಸವಾದವರಿಗೆ ಸುಮ್ಮನಿರುವುದು ಬಹಳ ಕಷ್ಟ. ನಾನು ಎದುರಿಗೆ ಕೈಗಡಿಯಾರ ಬಿಚ್ಚಿಟ್ಟುಕೊಳ್ಳುತ್ತೇನೆ, ಅದು ಅವರಿಗಾಗಿ ಅಲ್ಲ, ನನ್ನ ಬಾಯಿಗೆ ಕಡಿವಾಣವಾಗಿ.

ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಅವರ ಪ್ರಶ್ನೆಯಾಗಿರುವುದಿಲ್ಲ. ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಬಂದು ಕುಳಿತವಳೇ ‘ಸರ್, ಡೇಟಾ ಸೈನ್ಸ್‌ಗೆ ಮುಂದೆ ಸ್ಕೋಪ್ ಇದೆಯಾ?’ ಎಂದು ಕೇಳಿದಳು. ಇದೆ ಎಂದರೂ ಇಲ್ಲವೆಂದರೂ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಿ ನಾನು ಎಲ್ಲರಿಗೂ ಕೇಳುವ ಎರಡು ಪ್ರಶ್ನೆಗಳನ್ನೇ ಕೇಳಿದೆ: ಕಳೆದ ಒಂದು ವರ್ಷದಲ್ಲಿ ಯಾರೂ ಒತ್ತಾಯಿಸದೆ ಗಡುವಿಗಿಂತ ಮೊದಲೇ ನೀವು ಮುಗಿಸಿದ ಕೆಲಸ ಯಾವುದು? ಕೊನೆಯ ರಾತ್ರಿಯವರೆಗೆ ತಳ್ಳಿಕೊಂಡು ಬಂದ ಕೆಲಸ ಯಾವುದು? ಎರಡನೆಯದಕ್ಕೆ ಉತ್ತರ ತಕ್ಷಣ ಬಂತು: ಆನ್‌ಲೈನ್‌ನಲ್ಲಿ ಸೇರಿಕೊಂಡಿದ್ದ ಪ್ರೋಗ್ರಾಮಿಂಗ್ ಕೋರ್ಸು. ಮೊದಲನೆಯದಕ್ಕೆ ತುಸು ಯೋಚಿಸಿ, ಅದು ಕೆಲಸವೇ ಅಲ್ಲವೆಂಬ ದನಿಯಲ್ಲಿ, ವಿಭಾಗದ ಉತ್ಸವದ ಖರ್ಚಿನ ಲೆಕ್ಕ ಎಂದಳು. ರಸೀದಿಗಳೆಲ್ಲ ಒಂದು ಚೀಲದಲ್ಲಿ ಬಿದ್ದಿದ್ದವಂತೆ. ಯಾರೂ ಮುಟ್ಟಲು ಒಪ್ಪಲಿಲ್ಲವಂತೆ. ಇವಳು ಎರಡು ರಾತ್ರಿ ಕುಳಿತು ಒಂದೊಂದನ್ನೂ ಪಟ್ಟಿಯೊಂದಿಗೆ ತಾಳೆ ನೋಡಿ, ಒಂದೇ ಬಿಲ್ಲಿಗೆ ಎರಡು ಸಲ ಹಣ ಕೊಟ್ಟಿದ್ದ ಮೂರು ಕಡೆಗಳನ್ನು ಹುಡುಕಿ ತೆಗೆದಿದ್ದಳು. ಅದನ್ನು ಹೇಳುವಾಗ ಆಕೆಯ ಬೆನ್ನು ತಾನಾಗಿ ನೆಟ್ಟಗಾಯಿತು. ಡೇಟಾ ಸೈನ್ಸ್ ಎಲ್ಲಿಂದ ಬಂತು ಎಂದು ಕೇಳಿದರೆ, ಹಾಸ್ಟೆಲಿನಲ್ಲಿ ಎಲ್ಲರೂ ಅದನ್ನೇ ಕಲಿಯುತ್ತಿದ್ದಾರೆ ಎಂಬ ಉತ್ತರ ಬಂತು.

ಹತ್ತು ನಿಮಿಷಗಳಲ್ಲಿ ತಿಳಿಯಬೇಕಾದ ಇನ್ನೊಂದು ಸಂಗತಿಯೆಂದರೆ ಅವರ ಮೇಲಿರುವ ಕಟ್ಟುಪಾಡುಗಳು. ಶಿಕ್ಷಣ ಸಾಲವಿದೆಯೇ, ಕೂಡಲೇ ದುಡಿಯಲೇಬೇಕೇ, ಊರು ಬಿಡಲು ಸಾಧ್ಯವೇ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಗೊತ್ತಿಲ್ಲದೆ ಕೊಟ್ಟ ಸಲಹೆ ಗಾಳಿಗೆ ಗುದ್ದಿದಂತೆ. ಇವನ್ನು ನೇರವಾಗಿ ಕೆದಕಬಾರದು. ‘ಈ ನಿರ್ಧಾರ ಮಾಡುವಾಗ ನೀವು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಬೇರೆ ಸಂಗತಿಗಳೇನಾದರೂ ಇವೆಯೇ’ ಎಂದು ಒಮ್ಮೆ ಕೇಳಿ, ಅವರು ಹೇಳಿದಷ್ಟಕ್ಕೆ ತೃಪ್ತರಾಗಬೇಕು. ಬೇರೆ ವಿದ್ಯಾರ್ಥಿಗಳ ಎದುರಿನಲ್ಲಂತೂ ಕೇಳಲೇಬಾರದು.

ನಿಮ್ಮ ಒಂದು ದಿನವನ್ನು ತೋರಿಸಿ

ಎರಡನೆಯ ಹತ್ತು ನಿಮಿಷಗಳು ನಿಮ್ಮವು, ಇಲ್ಲಿ ಎಲ್ಲಕ್ಕಿಂತ ಹೆಚ್ಚು ಶ್ರದ್ಧೆ ಬೇಕು. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಉದ್ಯೋಗಗಳಿಗೆ ಅನ್ವಯಿಸುವಷ್ಟು ಬೇರೆ ಯಾವುದಕ್ಕೂ ಅನ್ವಯಿಸದು, ಮತ್ತು ಬೆಟ್ಟದ ಮೇಲೆ ವಾಸವಿರುವವರಿಗೆ ಅಲ್ಲಿನ ಕಲ್ಲುಗಳು ಕಾಣುವುದೇ ನಿಂತುಹೋಗಿರುತ್ತದೆ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧನಾ ವಿದ್ಯಾರ್ಥಿನಿ ಎಲಿಜಬೆತ್ ನ್ಯೂಟನ್ ನಡೆಸಿದ ಒಂದು ಪ್ರಯೋಗದಲ್ಲಿ, ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ತಾಳವನ್ನು ಮಾತ್ರ ಮೇಜಿನ ಮೇಲೆ ಬೆರಳಿನಿಂದ ಬಡಿಯಬೇಕಿತ್ತು, ಎದುರಿಗಿದ್ದವರು ಹಾಡು ಯಾವುದೆಂದು ಊಹಿಸಬೇಕಿತ್ತು. ಬಡಿದವರ ಅಂದಾಜಿನಂತೆ ಅರ್ಧದಷ್ಟು ಹಾಡುಗಳನ್ನು ಕೇಳುಗರು ಗುರುತಿಸಬೇಕಿತ್ತು. 120 ಹಾಡುಗಳಲ್ಲಿ ಅವರು ಗುರುತಿಸಿದ್ದು ಮೂರನ್ನು ಮಾತ್ರ. ಬಡಿಯುವವರ ಕಿವಿಯಲ್ಲಿ ಇಡೀ ಹಾಡು ಮೊಳಗುತ್ತಿರುತ್ತದೆ, ಕೇಳುವವರಿಗೆ ಬರಿಯ ಟಕ್ ಟಕ್ ಸದ್ದು. ‘ನಾನು ಗುಣಮಟ್ಟ ಖಾತರಿ ವಿಭಾಗವನ್ನು ನೋಡಿಕೊಳ್ಳುತ್ತೇನೆ’ ಎಂದು ನಾನು ವಿದ್ಯಾರ್ಥಿಗೆ ಹೇಳುವುದೂ ಇಂಥದ್ದೇ ಸದ್ದು.

ಆದ್ದರಿಂದ ಹುದ್ದೆಯನ್ನು ವಿವರಿಸದೆ, ಕಳೆದ ವಾರದ ಒಂದು ನಿರ್ದಿಷ್ಟ ದಿನವನ್ನು, ಉದಾಹರಣೆಗೆ ಮಂಗಳವಾರವನ್ನು, ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಳಿ. ನಾನು ಔಷಧ ತಯಾರಿಕೆಯ ಕ್ಷೇತ್ರದವನು. ರಸಾಯನಶಾಸ್ತ್ರ ಓದಿದವರು ಈ ಕೆಲಸವೆಂದರೆ ಗಾಜಿನ ಪಾತ್ರೆಗಳು, ಬಿಳಿಯ ಕೋಟು, ಹೊಸ ಸಂಯುಕ್ತಗಳು ಎಂದುಕೊಂಡಿರುತ್ತಾರೆ. ನನ್ನ ಮಂಗಳವಾರ ಮಧ್ಯಾಹ್ನದವರೆಗೆ ಕಳೆದದ್ದು ಒಂದು ಬ್ಯಾಚ್ ರೆಕಾರ್ಡಿನ ಪುಟಗಳನ್ನು ಓದುವುದರಲ್ಲಿ. ಒಂದು ಬ್ಯಾಚನ್ನು, ಅಂದರೆ ಒಂದೇ ಸಲಕ್ಕೆ ತಯಾರಾಗುವ ಮಾತ್ರೆಗಳನ್ನು, ತಯಾರಿಸುವಾಗ ಯಾರು ಯಾವ ಗಳಿಗೆಯಲ್ಲಿ ಏನನ್ನು ಎಷ್ಟು ತೂಗಿ ಹಾಕಿದರು, ಯಂತ್ರದ ಉಷ್ಣತೆ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ತಪ್ಪಾಗಿ ಬರೆದ ಅಂಕಿಯನ್ನು ಉಜ್ಜಿ ಅಳಿಸುವಂತಿಲ್ಲ, ವೈಟ್ನರ್ ಬಳಿಯುವಂತಿಲ್ಲ. ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು. ಆ ದಿನ ಒಂದು ಪುಟದಲ್ಲಿ ‘1’ ಎಂಬುದನ್ನು ತಿದ್ದಿ ‘7’ ಮಾಡಿದ್ದರು, ಪಕ್ಕದಲ್ಲಿ ಸಹಿ ಇರಲಿಲ್ಲ. ಆ ಒಂದು ಅಂಕಿಗಾಗಿ ಇಡೀ ಬ್ಯಾಚು ಗೋದಾಮಿನಲ್ಲಿಯೇ ನಿಂತಿತು, ನಾನು ಮೂರು ಜನರೊಂದಿಗೆ ಮಾತನಾಡಿದೆ, ಅವರಲ್ಲಿ ಒಬ್ಬರು ನನ್ನ ಮೇಲೆ ಸಿಡುಕಿದರು.

ಇದನ್ನು ಕೇಳಿದ ಎಷ್ಟೋ ವಿದ್ಯಾರ್ಥಿಗಳ ಮುಖ ಬಾಡುತ್ತದೆ, ಅದು ಒಳ್ಳೆಯದೇ. ಎರಡು ವರ್ಷ ಕಳೆದು ತಿಳಿಯಬೇಕಾದದ್ದು ಹತ್ತು ನಿಮಿಷದಲ್ಲಿ ತಿಳಿಯಿತು. ರಸೀದಿಗಳ ಹುಡುಗಿ ಮಾತ್ರ ‘ಆಮೇಲೆ ಅದು ಒಂದೋ ಏಳೋ ಹೇಗೆ ಗೊತ್ತಾಯಿತು ಸರ್?’ ಎಂದು ಕೇಳಿದಳು. ಅಂಥ ಮರುಪ್ರಶ್ನೆಗಿಂತ ಒಳ್ಳೆಯ ಅಭಿರುಚಿ ಪರೀಕ್ಷೆಯನ್ನು ನಾನು ಕಂಡಿಲ್ಲ.

ಸಂಬಳದ ಮಾತು ಬಂದರೆ ಹಾರಿಕೆಯ ಉತ್ತರ ಕೊಡಬೇಡಿ. ನಿಮ್ಮ ಸಂಬಳವನ್ನು ಹೇಳಬೇಕಾಗಿಲ್ಲ, ಆದರೆ ಹೊಸಬರಿಗೆ ಇಷ್ಟರಿಂದ ಇಷ್ಟರವರೆಗೆ ಸಿಗುತ್ತದೆ, ಮೊದಲ ಏರಿಕೆ ಇಷ್ಟು ವರ್ಷಕ್ಕೆ ಎಂಬುದನ್ನು ಹೇಳುವುದು ನಿಮ್ಮ ಹೊಣೆ. ಹಣದ ಬಗ್ಗೆ ಕೇಳುವುದು ಸಣ್ಣತನವೆಂಬ ಭಾವನೆ ಬರುವಂತೆ ಮಾಡುವವರು ಸಾಮಾನ್ಯವಾಗಿ ಹಣದ ಚಿಂತೆಯಿಲ್ಲದವರೇ ಆಗಿರುತ್ತಾರೆ.

ರೆಸ್ಯೂಮೆಯನ್ನು ನೀವು ಬರೆದುಕೊಡಬೇಡಿ

ರೆಸ್ಯೂಮೆಯನ್ನು ಕೈಗಿತ್ತು ‘ಸ್ವಲ್ಪ ನೋಡಿ ಸರ್’ ಎಂದಾಗ ಕೆಂಪು ಪೆನ್ನು ತೆಗೆಯುವ ಆಸೆಯಾಗುತ್ತದೆ. ತಿದ್ದಿಕೊಟ್ಟರೆ ಆ ರೆಸ್ಯೂಮೆ ನಿಮ್ಮಂತೆ ಮಾತನಾಡುತ್ತದೆ, ಸಂದರ್ಶನದಲ್ಲಿ ವಿದ್ಯಾರ್ಥಿ ತನ್ನಂತೆ ಮಾತನಾಡುತ್ತಾನೆ. ಎರಡರ ನಡುವಿನ ಅಂತರ ಎದುರಿಗೆ ಕುಳಿತವರಿಗೆ ಕೂಡಲೇ ತಿಳಿಯುತ್ತದೆ. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಬರೆಸಿದ ರೆಸ್ಯೂಮೆಗಳದ್ದೂ ಇದೇ ಪಾಡು. ಅವು ಎಷ್ಟು ಅಚ್ಚುಕಟ್ಟಾಗಿರುತ್ತವೆಂದರೆ ಹತ್ತನ್ನು ಒಟ್ಟಿಗೆ ಓದಿದರೆ ಯಾವುದು ಯಾರದ್ದೆಂದು ನೆನಪಿನಲ್ಲಿ ಉಳಿಯುವುದಿಲ್ಲ.

ಒಂದೇ ಒಂದು ಸಾಲನ್ನು ಆರಿಸಿಕೊಂಡು ಅದರ ಬಗ್ಗೆ ಪ್ರಶ್ನೆ ಕೇಳಿ. ಆ ವಿದ್ಯಾರ್ಥಿನಿಯ ರೆಸ್ಯೂಮೆಯಲ್ಲಿ ‘ವಿಭಾಗದ ಉತ್ಸವದಲ್ಲಿ ಸಕ್ರಿಯವಾಗಿ ಭಾಗವಹಿಸಿದ್ದೇನೆ’ ಎಂದಿತ್ತು. ಎಷ್ಟು ದಿನದ ಉತ್ಸವ, ಎಷ್ಟು ರಸೀದಿ, ನೀವು ಏನು ಮಾಡಿದಿರಿ, ಅದರಿಂದ ಏನಾಯಿತು ಎಂದು ನಾಲ್ಕು ಪ್ರಶ್ನೆ ಕೇಳಿದ ಮೇಲೆ ಆಕೆ ತಾನೇ ಬರೆದದ್ದು: ‘ಮೂರು ದಿನಗಳ ಉತ್ಸವದ 214 ರಸೀದಿಗಳನ್ನು ಖರ್ಚಿನ ಪಟ್ಟಿಯೊಂದಿಗೆ ತಾಳೆ ನೋಡಿ, ಎರಡು ಬಾರಿ ಪಾವತಿಯಾಗಿದ್ದ 3 ಬಿಲ್ಲುಗಳನ್ನು ಗುರುತಿಸಿ ಹಣವನ್ನು ಹಿಂದಕ್ಕೆ ಪಡೆದಿದ್ದೇನೆ.’ ಉಳಿದ ಸಾಲುಗಳನ್ನು ಇದೇ ರೀತಿ ಮನೆಯಲ್ಲಿ ಕುಳಿತು ಬರೆಯುವುದು ಆಕೆಯ ಕೆಲಸವಾಯಿತು. ಸಂದರ್ಶನದ ಉತ್ತರಗಳಿಗೂ ಇದೇ ಅಡಿಪಾಯ ಸಾಕು: ಸಂದರ್ಭ, ತನ್ನ ಹೊಣೆ, ತಾನು ಮಾಡಿದ್ದು, ಅದರ ಫಲ. ಉರು ಹೊಡೆದ ಉತ್ತರಕ್ಕಿಂತ ಈ ಕ್ರಮದಲ್ಲಿ ಹೇಳಿದ ಒಂದು ನಿಜವಾದ ಘಟನೆ ಹೆಚ್ಚು ತೂಗುತ್ತದೆ.

ಯಾವುದನ್ನು ಮೊದಲು ಬರೆಯಬೇಕೆಂಬ ಪ್ರಶ್ನೆಗೆ ನಾನು ಲಿಯೊನಾರ್ಡೊ ಡ ವಿಂಚಿಯ ಉದಾಹರಣೆಯನ್ನು ಕೊಡುತ್ತೇನೆ. ಸುಮಾರು 1482ರಲ್ಲಿ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಗೆ ಬರೆದ ಪತ್ರದಲ್ಲಿ ಅವನು ತಾನು ಕಟ್ಟಬಲ್ಲ ಸೇತುವೆಗಳು, ಕೋಟೆ ಮುರಿಯುವ ಉಪಾಯಗಳು, ಯುದ್ಧಯಂತ್ರಗಳನ್ನೆಲ್ಲ ಅಂಶ ಅಂಶವಾಗಿ ಹೇಳಿ, ಶಿಲ್ಪ ಮತ್ತು ಚಿತ್ರಕಲೆಯನ್ನು ಕೊನೆಯಲ್ಲಿ ಸೇರಿಸಿದ್ದಾನೆ. ಓದುವವನಿಗೆ ಬೇಕಾಗಿದ್ದದ್ದು ಯುದ್ಧದ ಸಾಮರ್ಥ್ಯ. ತನಗೆ ಹೆಮ್ಮೆಯೆನಿಸುವುದನ್ನಲ್ಲ, ಓದುವವರಿಗೆ ಅಗತ್ಯವಿರುವುದನ್ನು ಮೊದಲಿಡಬೇಕೆಂಬುದನ್ನು ವಿದ್ಯಾರ್ಥಿಗಳು ಇದರಿಂದ ಚಕ್ಕನೆ ಗ್ರಹಿಸುತ್ತಾರೆ.

ಪರಿಚಯ ಮತ್ತು ಶಿಫಾರಸು

ವಿದ್ಯಾರ್ಥಿಗಳು ಬಾಯಿಬಿಟ್ಟು ಹೇಳದಿದ್ದರೂ ಸಮಿತಿಯ ಸದಸ್ಯರಿಂದ ಬಯಸುವುದು ಬಹುತೇಕ ಇದನ್ನೇ, ಬಯಸುವುದರಲ್ಲಿ ತಪ್ಪೂ ಇಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಪರಿಚಯದ ಮೂಲಕ ಕೆಲಸ ಕಂಡುಕೊಂಡವರನ್ನು ವಿಚಾರಿಸಿದಾಗ, ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಶೇಕಡ 17ರಷ್ಟು ಮಾತ್ರ, ಅಪರೂಪಕ್ಕೊಮ್ಮೆ ಎಂದವರು ಸುಮಾರು ಶೇಕಡ 28, ಉಳಿದವರು ಅವೆರಡರ ನಡುವಿನವರು ಎಂದು ತೋರಿಸಿದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಿತರಿಂದ. 2022ರಲ್ಲಿ ಲಿಂಕ್ಡ್‌ಇನ್‌ನ ಎರಡು ಕೋಟಿಗೂ ಹೆಚ್ಚು ಬಳಕೆದಾರರನ್ನು ಒಳಗೊಂಡ ಅಧ್ಯಯನವೂ, ತೀರಾ ಆಪ್ತರೂ ಅಲ್ಲದ ತೀರಾ ಅಪರಿಚಿತರೂ ಅಲ್ಲದ ನಂಟುಗಳೇ ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾಗುತ್ತವೆಂದು ಕಂಡುಕೊಂಡಿತು. ಒಂದೇ ಸಂಸ್ಥೆಯಲ್ಲಿ ಓದಿದವರ ನಡುವಿನ ನಂಟು ಸರಿಯಾಗಿ ಈ ಅಳತೆಯದು.

ಆದರೆ ಮಾಹಿತಿ ಕೊಡುವುದು, ಪರಿಚಯ ಮಾಡಿಸುವುದು, ಶಿಫಾರಸು ಮಾಡುವುದು ಇವು ಮೂರು ಬೇರೆ ಬೇರೆ ಮೆಟ್ಟಿಲುಗಳು. ಮಾಹಿತಿಯನ್ನು ಕೇಳಿದ ಎಲ್ಲರಿಗೂ ಕೊಡಿ. ಪರಿಚಯ ಮಾಡಿಸುವ ಮೊದಲು ಆ ಕಡೆಯವರ ಒಪ್ಪಿಗೆ ಕೇಳಿ, ಅವರ ಫೋನ್ ನಂಬರನ್ನು ಕೇಳದೆ ಹಂಚಬೇಡಿ. ಶಿಫಾರಸನ್ನು ಮಾತ್ರ ಆ ವ್ಯಕ್ತಿಯ ಕೆಲಸವನ್ನು ಕಣ್ಣಾರೆ ಕಂಡಿದ್ದರೆ ಮಾಡಿ. ಈ ಪಾಠವನ್ನು ನಾನು ಬೆಲೆ ತೆತ್ತು ಕಲಿತೆ. ಸಮಿತಿಯ ಸಹೋದ್ಯೋಗಿಯೊಬ್ಬರ ಮಾತಿಗೆ ಕಟ್ಟುಬಿದ್ದು, ಅರ್ಧ ಗಂಟೆಯಷ್ಟೇ ನೋಡಿದ್ದ ಹುಡುಗನೊಬ್ಬನ ಬಗ್ಗೆ ಪರಿಚಯದ ಕಂಪನಿಯೊಂದಕ್ಕೆ ‘ಬಹಳ ಜವಾಬ್ದಾರಿಯುತ ಯುವಕ’ ಎಂದು ಬರೆದುಬಿಟ್ಟೆ. ಆತ ಮೂರನೆಯ ವಾರ ಹೇಳದೆ ಕೇಳದೆ ಕೆಲಸ ಬಿಟ್ಟ. ಆತನ ತಪ್ಪಿಗಿಂತ ನನ್ನದೇ ದೊಡ್ಡದು. ಮುಂದಿನ ವರ್ಷ ನಿಜವಾಗಿಯೂ ಅರ್ಹಳಾದ ಒಬ್ಬಳ ಬಗ್ಗೆ ಬರೆದಾಗ ಅಲ್ಲಿಂದ ಉತ್ತರವೇ ಬರಲಿಲ್ಲ. ಶಿಫಾರಸು ಮಾಡಲಾಗದಿದ್ದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ನಾಲ್ಕು ಸಾಲು ಗೀಚುವುದಕ್ಕಿಂತ, ‘ನಿಮ್ಮ ಕೆಲಸವನ್ನು ನಾನು ನೋಡಿಲ್ಲ, ನೋಡಿರುವ ಅಧ್ಯಾಪಕರನ್ನು ಕೇಳಿ’ ಎಂದು ಹೇಳುವುದೇ ವಿದ್ಯಾರ್ಥಿಗೆ ಮಾಡುವ ಉಪಕಾರ.

ಪರಿಚಯದ ಪತ್ರವನ್ನು ವಿದ್ಯಾರ್ಥಿಯೇ ಬರೆಯಲಿ. ಕೆಲಸ ಕೊಡಿ ಎಂದು ಕೇಳದೆ ಇಪ್ಪತ್ತು ನಿಮಿಷದ ಮಾತುಕತೆಯನ್ನು ಕೇಳುವುದು ಲೇಸು. ಮಾದರಿಗೆ ನಾನು ಕೊಡುವ ಒಕ್ಕಣೆ ಹೀಗಿದೆ: ‘ಮಾನ್ಯರೇ, ನಾನು ನೀವು ಓದಿದ ವಿಭಾಗದಲ್ಲಿಯೇ ಅಂತಿಮ ವರ್ಷದ ವಿದ್ಯಾರ್ಥಿನಿ. ದಾಖಲೆಗಳ ಪರಿಶೀಲನೆಯ ಕೆಲಸದ ಬಗ್ಗೆ ತಿಳಿಯಲು ಪ್ರಯತ್ನಿಸುತ್ತಿದ್ದೇನೆ. ಹೊಸಬರು ಮೊದಲ ಆರು ತಿಂಗಳು ಏನು ಮಾಡುತ್ತಾರೆ, ಯಾವ ತಪ್ಪನ್ನು ಹೆಚ್ಚಾಗಿ ಮಾಡುತ್ತಾರೆ ಎಂಬ ಎರಡು ಪ್ರಶ್ನೆಗಳಿವೆ. ಮುಂದಿನ ಎರಡು ವಾರಗಳಲ್ಲಿ ನಿಮಗೆ ಅನುಕೂಲವಾದ ಇಪ್ಪತ್ತು ನಿಮಿಷ ಸಿಗಬಹುದೇ?’ ಪ್ರಶ್ನೆ ಇಷ್ಟು ಖಚಿತವಾಗಿದ್ದರೆ ಉತ್ತರ ಕೊಡುವವರಿಗೂ ಭಾರವಾಗುವುದಿಲ್ಲ.

ಕುರ್ಚಿಯ ಕಾರಣದಿಂದ ಬರುವ ತೊಡಕುಗಳು

ಸಮಿತಿಯ ಸದಸ್ಯರೆಂದ ಕೂಡಲೇ ನಿಮ್ಮ ಮಾತಿಗೆ ನೀವು ಬಯಸದಷ್ಟು ತೂಕ ಬಂದುಬಿಡುತ್ತದೆ. ‘ನೋಡೋಣ’ ಎಂಬ ನಿಮ್ಮ ಒಂದು ಸೌಜನ್ಯದ ಮಾತನ್ನು ವಿದ್ಯಾರ್ಥಿ ಮನೆಯಲ್ಲಿ ‘ಕೆಲಸ ಕೊಡಿಸುತ್ತಾರಂತೆ’ ಎಂದು ಹೇಳಿರುತ್ತಾನೆ. ಏನು ಮಾಡಲಾಗದು ಎಂಬುದನ್ನು ಮೊದಲ ಭೇಟಿಯಲ್ಲಿಯೇ ಹೇಳಿಬಿಡಿ. ನಿಮ್ಮ ಕಂಪನಿ ಅದೇ ವಿಶ್ವವಿದ್ಯಾಲಯದಿಂದ ನೇಮಕಾತಿ ಮಾಡಿಕೊಳ್ಳುತ್ತಿದ್ದರೆ ಅದನ್ನು ವಿದ್ಯಾರ್ಥಿಗೂ ಮಾರ್ಗದರ್ಶನ ಕೇಂದ್ರಕ್ಕೂ ತಿಳಿಸಿ, ಆ ವರ್ಷದ ಆಯ್ಕೆಯಿಂದ ದೂರ ನಿಲ್ಲಿ. ಭೇಟಿಗಳು ಕ್ಯಾಂಪಸ್ಸಿನಲ್ಲಿ, ಬಾಗಿಲು ತೆರೆದಿರುವ ಕೊಠಡಿಯಲ್ಲಿ ನಡೆಯಲಿ. ವಿದ್ಯಾರ್ಥಿಯಿಂದ ‘ಅನುಭವಕ್ಕಾಗಿ’ ಎಂದು ಪುಕ್ಕಟೆ ಕೆಲಸ ಮಾಡಿಸಿಕೊಳ್ಳಬೇಡಿ. ಮಾತಿನ ನಡುವೆ ಆತ ಅಥವಾ ಆಕೆ ತೀವ್ರವಾಗಿ ಕುಗ್ಗಿಹೋಗಿರುವುದು ಕಂಡರೆ ವೃತ್ತಿಯ ಮಾತನ್ನು ಅಲ್ಲಿಗೇ ನಿಲ್ಲಿಸಿ, ವಿಶ್ವವಿದ್ಯಾಲಯದ ಆಪ್ತ ಸಮಾಲೋಚಕರ ಬಳಿಗೆ ಅವರನ್ನು ತಲುಪಿಸುವುದಷ್ಟೇ ನಿಮ್ಮ ಕೆಲಸ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ ತೊಡಕು ಬೇರೆ. ಹೆಸರು ನೋಂದಾಯಿಸಿ ಬರುವವರು ಹೇಗೂ ದಾರಿ ಮಾಡಿಕೊಳ್ಳುವಂಥವರು. ಮನೆಯಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು ಬರುವುದೇ ಇಲ್ಲ. ಹತ್ತು ಸರದಿಗಳಿದ್ದರೆ ನಾಲ್ಕನ್ನು ಈಗ ನಾವು ನೋಂದಣಿಗೆ ತೆರೆದಿಡುವುದಿಲ್ಲ. ವಿಭಾಗದ ಅಧ್ಯಾಪಕರಿಗೆ ಹೇಳಿ, ತಾವಾಗಿ ಬಾರದ ವಿದ್ಯಾರ್ಥಿಗಳನ್ನು ಅವರೇ ಹೆಸರಿಟ್ಟು ಕರೆಯುವಂತೆ ಮಾಡಿದ್ದೇವೆ. ಹೀಗೆ ಬಂದವರಿಗೆ ಮೊದಲ ಹತ್ತು ನಿಮಿಷ ಮಾತು ಹೊರಡುವುದಿಲ್ಲ, ಅವರಿಗೆ ಗಡಿಯಾರದ ನಿಯಮ ಅನ್ವಯಿಸುವುದಿಲ್ಲ.

ಕೊನೆಯ ಹತ್ತು ನಿಮಿಷ ಮತ್ತು ಅನಂತರ

ಮನಶ್ಶಾಸ್ತ್ರಜ್ಞ ಜಾನ್ ಕ್ರುಂಬೋಲ್ಟ್ಜ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಮಂಡಿಸಿದ ವಿಚಾರವೊಂದು ಈ ಹಂತದಲ್ಲಿ ನೆರವಿಗೆ ಬರುತ್ತದೆ. ವೃತ್ತಿಜೀವನದಲ್ಲಿ ಆಕಸ್ಮಿಕಗಳ ಪಾತ್ರ ದೊಡ್ಡದಾಗಿರುವುದರಿಂದ, ಇಡೀ ಬದುಕಿಗೆ ಒಂದು ನಿರ್ಧಾರ ಮಾಡುವುದಕ್ಕಿಂತ ಒಳ್ಳೆಯ ಆಕಸ್ಮಿಕಗಳು ಎದುರಾಗುವಂತೆ ಚಿಕ್ಕ ಚಿಕ್ಕ ಹೆಜ್ಜೆಗಳನ್ನಿಡುವುದನ್ನು ಕಲಿಸಬೇಕೆಂದು ಅವರು ವಾದಿಸಿದರು. ಆದ್ದರಿಂದ ಮೂವತ್ತನೆಯ ನಿಮಿಷದಲ್ಲಿ ವಿದ್ಯಾರ್ಥಿಯ ಕೈಯಲ್ಲಿ ತೀರ್ಮಾನ ಇರಬೇಕಾಗಿಲ್ಲ. ಎರಡು ವಾರಗಳೊಳಗೆ ಮಾಡಿ ಮುಗಿಸಬಹುದಾದ ಒಂದು ಕೆಲಸವಿರಬೇಕು. ಒಬ್ಬರಿಗೆ ಪತ್ರ ಬರೆಯುವುದು, ಒಂದು ಕಾರ್ಖಾನೆಯನ್ನೋ ಕಚೇರಿಯನ್ನೋ ಒಳಗಿನಿಂದ ನೋಡಿಬರುವುದು, ಐದು ನೇಮಕಾತಿ ಪ್ರಕಟಣೆಗಳನ್ನು ಓದಿ ಎಲ್ಲದರಲ್ಲಿಯೂ ಬರುವ ಪದಗಳಿಗೆ ಗೆರೆ ಎಳೆಯುವುದು, ಇಂಥವು.

ಅದನ್ನು ವಿದ್ಯಾರ್ಥಿ ತಾನೇ ಒಂದು ಚೀಟಿಯಲ್ಲಿ ಬರೆಯಲಿ. ಅದೇ ಚೀಟಿಯ ಹಿಂಬದಿಯಲ್ಲಿ ನೀವು ಮಾಡಿಕೊಡುತ್ತೇನೆಂದು ಒಪ್ಪಿಕೊಂಡದ್ದನ್ನೂ ದಿನಾಂಕದೊಂದಿಗೆ ಬರೆದು, ಒಂದು ಫೋಟೊ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಎರಡು ವಾರಗಳಾದ ಮೇಲೆ ಸುದ್ದಿ ಬರದಿದ್ದರೆ ಒಮ್ಮೆ ಕೇಳಿ, ಎರಡನೆಯ ಬಾರಿ ಕೇಳಬೇಡಿ. ನಿಮ್ಮ ಕಡೆಯ ಮಾತು ಉಳಿದಿದ್ದರೆ ಮಾತ್ರ ಅವರು ಕೇಳುವ ಮೊದಲೇ ತೀರಿಸಿ. ನಾನು ಹೀಗೆ ಬಾಕಿ ಉಳಿಸಿಕೊಂಡ ಚೀಟಿಗಳು ಕಳೆದ ವರ್ಷದ್ದೇ ಎರಡಿವೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಕೆಲಸಕ್ಕೆ ಸೇರಿದವರನ್ನು ಆರು ತಿಂಗಳು ಕಳೆದ ಮೇಲೆ ಮರಳಿ ಕರೆಯಿರಿ. ಸಂದರ್ಶನದ ನೆನಪು ಇನ್ನೂ ಹಸಿಯಾಗಿರುವಾಗಲೇ ಅವರು ಕಿರಿಯರ ಎದುರು ಕುಳಿತುಕೊಳ್ಳಲಿ. ರಸೀದಿಗಳ ಹುಡುಗಿ ಈಗ ಒಂದು ಕಾರ್ಖಾನೆಯ ದಾಖಲೆ ಪರಿಶೀಲನಾ ವಿಭಾಗದಲ್ಲಿದ್ದಾಳೆ, ಕಳೆದ ಸೆಮಿಸ್ಟರಿನಿಂದ ನನ್ನ ಪಕ್ಕದ ಮೇಜಿನಲ್ಲಿ ಕುಳಿತುಕೊಳ್ಳುತ್ತಾಳೆ. ಕ್ಯಾಮೆರಾದ ಎದುರಿನ ಸಂದರ್ಶನದ ಬಗ್ಗೆ ಕೇಳಿಕೊಂಡು ಬಂದವರನ್ನು ನಾನು ಆ ಮೇಜಿಗೆ ಕಳುಹಿಸುತ್ತೇನೆ.